ಎರಡೂವರೆ ವೋಲ್ಟು

ತಲೆಯನ್ನು ಲೋಹದ ಚೌಕಟ್ಟಿಗೆ ನಾಲ್ಕು ಕಡೆ ಸ್ಕ್ರೂ ಹಾಕಿ ಬಿಗಿದಿದ್ದರು. ಬುರುಡೆಗೆ ಎರಡೂ ಕಡೆ ತೂತು ಕೊರೆದು ಮಿದುಳಿಗೆ ಸಣ್ಣ ತಂತಿ ಇಳಿಸಿದ್ದರು. ಆದರೂ ಮರ್ದಾನಸಾಬ ಎಚ್ಚರವಾಗಿಯೇ ಇದ್ದ. ಎಚ್ಚರವಿದ್ದರೇ ಕೆಲಸ ಸರಿಯಾಗುವುದು, ಮಿದುಳಿಗೆ ನೋವು ತಿಳಿಯುವುದಿಲ್ಲ ಎಂದು ಹೈದರಾಬಾದಿನ ಡಾಕ್ಟರು ಮೊದಲೇ ಹೇಳಿದ್ದರು. ಪರದೆಯ ಆಚೆಯಿಂದ ಒಬ್ಬರು, ಬಲಗೈ ಮುಷ್ಟಿ ಬಿಚ್ಚಿ ಮುಚ್ಚಿ, ನೂರರಿಂದ ಹಿಂದಕ್ಕೆ ಎಣಿಸಿ ಎನ್ನುತ್ತಿದ್ದರು. ಎಣಿಕೆ ಎಂಬತ್ತಾರಕ್ಕೆ ಬಂದಿರಬೇಕು, ಹನ್ನೊಂದು ವರ್ಷದಿಂದ ನಡುಗುತ್ತಿದ್ದ ಆ ಕೈ ಸುಮ್ಮನೆ ನಿಂತುಬಿಟ್ಟಿತು. ಕರೆಂಟು ಹೋದಾಗ ಫ್ಯಾನು ನಿಧಾನಕ್ಕೆ ನಿಲ್ಲುವ ಹಾಗಲ್ಲ, ಯಾರೋ ಹಿಡಿದು ನಿಲ್ಲಿಸಿದ ಹಾಗೆ.

ಕೋಣೆಯಲ್ಲಿದ್ದವರೆಲ್ಲ ಅವನ ಮುಖ ನೋಡುತ್ತಿದ್ದರು. ಈ ಗಳಿಗೆಯಲ್ಲಿ ಅಳುವವರಿದ್ದಾರೆ, ದೇವರನ್ನು ನೆನೆಯುವವರಿದ್ದಾರೆ. ಮರ್ದಾನಸಾಬ ಮಾತ್ರ, “ಎಷ್ಟು ವೋಲ್ಟ್ ಕೊಟ್ರಿ?” ಎಂದು ಕೇಳಿದ.

ಎರಡೂವರೆ ಎಂದು ಉತ್ತರ ಬಂತು. ಅವನಿಗೆ ನಂಬಿಕೆಯೇ ಬರಲಿಲ್ಲ. ಮೂವತ್ತು ವರ್ಷ ನಾನೂರು ವೋಲ್ಟಿನ ಮೋಟರುಗಳ ಜೊತೆ ಬಾಳಿದವನು ಅವನು. ಎರಡೂವರೆ ಅಂದರೆ ಟಾರ್ಚಿಗೆ ಹಾಕುವ ಎರಡು ಸೆಲ್ಲಿಗಿಂತ ಕಡಿಮೆ. ಇಷ್ಟು ವರ್ಷ ಮನೆ ಮಂದಿಯನ್ನೆಲ್ಲ ಅಲುಗಾಡಿಸಿದ ರೋಗವನ್ನು ಅಷ್ಟೇ ಅಷ್ಟು ಕರೆಂಟು ಹಿಡಿದು ಕೂರಿಸಿತೇ ಎಂದು, ತಲೆ ಬಿಗಿದ ಚೌಕಟ್ಟಿನಲ್ಲೇ ಅವನು ಯೋಚಿಸತೊಡಗಿದ.

ಗಂಗಾವತಿಯಲ್ಲಿ ಅವನದು ಮೋಟರ್ ವೈಂಡಿಂಗ್ ಅಂಗಡಿ. ಅಕ್ಕಿ ಗಿರಣಿಗಳ ದೊಡ್ಡ ಮೋಟರು, ಕಾಲುವೆ ದಂಡೆಯ ಪಂಪು, ಕನಕಗಿರಿ ಹುಲಿಹೈದರ ಕಡೆಯ ಬೋರಿನ ಮೋಟರು, ಹೀಗೆ ಸುಟ್ಟದ್ದೆಲ್ಲ ಅವನ ಮುಂದೆ ಬಂದು ಕೂರುತ್ತಿತ್ತು. ಕರಿದಾದ ತಾಮ್ರದ ತಂತಿ ಕಿತ್ತು, ಕಬ್ಬಿಣದ ಸೀಳುಗಳನ್ನು ಒರೆಸಿ, ಕರೆಂಟು ಕಬ್ಬಿಣಕ್ಕೆ ತಗಲದಂತೆ ಒಂದೊಂದು ಸೀಳಿಗೂ ಕಾಗದದ ಹಾಸು ಇಟ್ಟು, ಹೊಸ ತಂತಿಯನ್ನು ಸುತ್ತುಸುತ್ತಾಗಿ ಕೂರಿಸುವ ಕೆಲಸ ಅದು. ಅವನು ಕಟ್ಟಿದ ಮೋಟರು ಹತ್ತು ವರ್ಷ ಓಡುತ್ತದೆ ಎಂದು ಜನ ಕಾದು ಕೂತು ಮಾಡಿಸಿಕೊಂಡು ಹೋಗುತ್ತಿದ್ದರು. ನಲವತ್ತೈದನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಬಲಗೈ ಹೆಬ್ಬೆರಳು, ಅಂಗೈಯಲ್ಲಿ ತಂಬಾಕು ತಿಕ್ಕುವವರ ಹಾಗೆ, ತಾನಾಗಿಯೇ ತೋರುಬೆರಳಿನ ಮೇಲೆ ಹೊರಳತೊಡಗಿತು. ಮುಂದೆ ಕೈ ನಡುಗಿತು, ಬರಬರುತ್ತಾ ಎಡಗೈಯೂ ನಡುಗಿತು. ಆಮೇಲೆ ಮೈ ಬಿಗಿಯಿತು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಪಾರ್ಕಿನ್ಸನ್ ಎಂದು ಹೆಸರು ಹೇಳಿದರು, ಮಾತ್ರೆ ಕೊಟ್ಟರು, ವರ್ಷ ವರ್ಷ ಮಾತ್ರೆ ಹೆಚ್ಚಿಸಿದರು.

ಅವನ ಹೆಂಡತಿ ರಜಿಯಾಬೇಗಂ ಆ ಹನ್ನೊಂದು ವರ್ಷ ಗಡಿಯಾರದ ಮುಳ್ಳು ಹಿಡಿದು ಬದುಕಿದಳು. ಹೊತ್ತುಹೊತ್ತಿಗೆ ಮಾತ್ರೆ, ಅಂಗಿಯ ಗುಂಡಿ, ರೊಟ್ಟಿಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ನೆನೆಸುವುದು, ಹಾಸಿಗೆಯಲ್ಲಿ ಮಗ್ಗಲು ತಿರುಗಿಸುವುದು, ಎಲ್ಲವೂ ಅವಳದೇ. ಅಂಗಡಿ ಮುಚ್ಚುವ ಹಂತಕ್ಕೆ ಬಂದಾಗ ಮಗಳು ಮುಬಾಶಿರಾ ಐಟಿಐ ಮುಗಿಸಿ ಅಪ್ಪನ ಪಕ್ಕದಲ್ಲಿ ಬಂದು ಕೂತಳು. ಕೈಯಿಂದ ಆಗದ್ದನ್ನು ಅವನು ಬಾಯಿಂದ ಹೇಳುತ್ತಿದ್ದ. ಹೇಳುವುದೂ ನಿಧಾನ. ತಂತಿಯ ಒಂದು ಕಾಯಿಲು ಸುತ್ತುವುದನ್ನು ಕಲಿಸಲು ಅವನಿಗೆ ಎರಡು ದಿನ ಹಿಡಿಯಿತು. ನಾಲ್ಕನೆಯ ವರ್ಷಕ್ಕೆ ಅವಳು ಇಡೀ ಅಂಗಡಿಯನ್ನು ಒಬ್ಬಳೇ ನಡೆಸತೊಡಗಿದ್ದಳು.

ಆಪರೇಷನ್ನಿನ ಕೊನೆಗೆ ಕಿವಿಯ ಹಿಂದಿನಿಂದ ಚರ್ಮದ ಅಡಿ ತಂತಿ ಎಳೆದು, ಬಲಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ ಹೂತರು. ಕರೆಂಟನ್ನು ಮಾತ್ರ ಇನ್ನೂ ಹಚ್ಚಿರಲಿಲ್ಲ. ಹಾಗಿದ್ದರೂ ಮೊದಲ ವಾರ ಕೈ ನಡುಗಲೇ ಇಲ್ಲ. ಮರ್ದಾನಸಾಬನಿಗೆ ಇದು ಬಗೆಹರಿಯದ ಸಂಗತಿಯಾಯಿತು. ಸ್ವಿಚ್ ಹಾಕದೆ ಮೋಟರು ಹೇಗೆ ಓಡುತ್ತಿದೆ? ತಂತಿ ಇಳಿಸುವಾಗ ಆದ ಪೆಟ್ಟಿಗೆ ಮಿದುಳಿನ ಆ ಜಾಗ ಊದಿಕೊಂಡು ಸುಮ್ಮನಿದೆ, ಊತ ಇಳಿದ ಮೇಲೆ ನಡುಕ ಮರಳುತ್ತದೆ ಎಂದು ಯಂತ್ರ ಹೊಂದಿಸುವ ತೌಸೀಫ ಹೇಳಿದ. ಹೇಳಿದಂತೆಯೇ ಹತ್ತನೆಯ ದಿನ ಮರಳಿತು. ರಜಿಯಾ ಅತ್ತಳು. ಮರ್ದಾನಸಾಬನಿಗೆ ಮಾತ್ರ ತೌಸೀಫನ ಲೆಕ್ಕಾಚಾರ ಸರಿಯಾದದ್ದಕ್ಕೆ ಒಳಗೊಳಗೇ ಖುಷಿಯಾಗಿತ್ತು.

ಮೂರು ವಾರದ ಮೇಲೆ ಕರೆಂಟು ಹಚ್ಚಿದರು. ಸೆಕೆಂಡಿಗೆ ನೂರಾ ಮೂವತ್ತು ಸಲ ಬಡಿಯುತ್ತದೆ ಎಂದು ತೌಸೀಫ ಹೇಳಿದಾಗ, ನಮ್ಮ ಕರೆಂಟ್ ಲೈನಿನಲ್ಲಿ ಐವತ್ತೇ ಎಂದು ಇವನು ಹೇಳಿದ. ವಾರಕ್ಕೊಮ್ಮೆ ಬ್ಯಾಟರಿ ಚಾರ್ಜ್ ಮಾಡಲು ಎದೆಯ ಮೇಲೆ ಒಂದು ಬಿಲ್ಲೆ ಕಟ್ಟಿಕೊಂಡು ಗಂಟೆ ಹೊತ್ತು ಕೂರಬೇಕು. ಬಿಲ್ಲೆಯೊಳಗೆ ಇರುವುದು ತಂತಿಯ ಸುತ್ತು, ಎದೆಯೊಳಗಿನ ಡಬ್ಬಿಯಲ್ಲೂ ತಂತಿಯ ಸುತ್ತು. ಎರಡರ ನಡುವೆ ತನ್ನ ಚರ್ಮ. ಅಂದರೆ ತಾನು ಜೀವಮಾನವಿಡೀ ಕಂಡ ಟ್ರಾನ್ಸ್‌ಫಾರ್ಮರೇ ಇದು. ಮನೆಗೆ ಬಂದವರಿಗೆಲ್ಲ ಅವನು ಇದನ್ನು ಚಿತ್ರ ಬರೆದು ತೋರಿಸಿದ. ದೊಡ್ಡ ಮೋಟರು ಓಡುವಾಗ ದೂರ ನಿಲ್ಲಬೇಕು, ವೆಲ್ಡಿಂಗ್ ಮಾಡಕೂಡದು ಎಂದು ಡಾಕ್ಟರು ಹೇಳಿದ್ದನ್ನೂ ಅಷ್ಟೇ ಉತ್ಸಾಹದಿಂದ ಹೇಳಿದ.

ಕೈಗೊಂದು ರಿಮೋಟು ಕೊಟ್ಟಿದ್ದರು. ಎರಡು ಪಾಯಿಂಟ್ ನಾಲ್ಕು ವೋಲ್ಟಿನಿಂದ ಮೂರು ಪಾಯಿಂಟ್ ಎರಡರವರೆಗೆ ಬೇಕಾದಂತೆ ಏರಿಸಿ ಇಳಿಸಬಹುದು, ಅದರಾಚೆ ಹೋಗದಂತೆ ತೌಸೀಫ ಬೀಗ ಹಾಕಿದ್ದ. ಮರ್ದಾನಸಾಬ ಗಂಗಾವತಿಗೆ ಬಂದ ವಾರದಲ್ಲೇ ಅದನ್ನು ಮೂರು ಪಾಯಿಂಟ್ ಎರಡಕ್ಕೆ ಏರಿಸಿದ. ಅಲ್ಲಿ ಕಾಲು ಹಗುರ, ಕೈ ಕಲ್ಲಿನ ಹಾಗೆ ಗಟ್ಟಿ. ಹೊಸ್ತಿಲುಗಳೆಲ್ಲ ಎಲ್ಲಿ ಹೋದವೋ ಗೊತ್ತಾಗಲಿಲ್ಲ.

ಮೊದಲ ಬೆಳಿಗ್ಗೆ ಅವನು ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಂಡ. ಎದುರಿಗೆ ರಜಿಯಾ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು. ಕೊನೆಯ ಗುಂಡಿ ಮುಗಿದ ಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಅವನು ನೋಡಿದ, ಆದರೆ ಅದರ ಬಗ್ಗೆ ಏನನ್ನೂ ಯೋಚಿಸಲಿಲ್ಲ. ಅವನ ಕಾಲು ಆಗಲೇ ಅಂಗಡಿಯ ದಾರಿ ಹಿಡಿದಿತ್ತು.

ಅಂಗಡಿಯಲ್ಲಿ ಮುಬಾಶಿರಾ ಎಲ್ಲವನ್ನೂ ತನ್ನ ಕೈಗೆ ಸಿಗುವಂತೆ ಜೋಡಿಸಿಕೊಂಡಿದ್ದಳು. ಅವನು ಮೊದಲ ದಿನವೇ ಇಕ್ಕಳ, ಸುತ್ತಿಗೆ, ತಂತಿಯ ಉರುಳೆಗಳನ್ನು ಹಳೆಯ ಜಾಗಕ್ಕೆ ಸರಿಸಿದ. ಅವಳು ಸಂಜೆ ಮತ್ತೆ ತನ್ನ ಜಾಗಕ್ಕೆ ತಂದಿಟ್ಟಳು. ಮರುದಿನ ಅವನು ಮತ್ತೆ ಸರಿಸಿದ. ಎರಡು ತಿಂಗಳು ಹೀಗೇ ನಡೆಯಿತು. ಅವನು ಬೆಳಕು ಹರಿಯುವ ಮುಂಚೆ ಎದ್ದು ಅಂಗಡಿಗೆ ಹೋಗುತ್ತಿದ್ದ. ಪಕ್ಕದ ಹೋಟೆಲಿನವರ ಮಿಕ್ಸರ್ ಬಿಚ್ಚಿದ, ಮಸೀದಿಯ ನೀರಿನ ಪಂಪು ಬಿಚ್ಚಿದ. ಕೆಟ್ಟಿಲ್ಲದ ಫ್ಯಾನನ್ನೂ ಇನ್ನಷ್ಟು ಗಾಳಿ ಬರುವಂತೆ ಮಾಡುತ್ತೇನೆಂದು ಇಳಿಸಿದ. ದಿನವಿಡೀ ಮಾತಾಡುತ್ತಿದ್ದ. ಆದರೆ ಮಾತಿನ ಕೊನೆ ನಾಲಿಗೆಯಲ್ಲೇ ಕರಗಿ ಹೋಗುತ್ತಿತ್ತು. ಬಂದವರು ಏನಂದ್ರಿ, ಏನಂದ್ರಿ ಎಂದು ಕೇಳಿ, ಮುಬಾಶಿರಾಳ ಮುಖ ನೋಡುತ್ತಿದ್ದರು.

ಆ ದಿನಗಳಲ್ಲೇ ಇರಕಲ್ಲಗಡದ ಕಳಕಪ್ಪ ತನ್ನ ಹಿಟ್ಟಿನ ಗಿರಣಿಯ ಮೋಟರು ತಂದ. ಹಳೆಯ ಗಿರಾಕಿ. ಗಿರಣಿ ಮುಂದೆ ಊರಿನ ಹೆಣ್ಣುಮಕ್ಕಳ ಜೋಳದ ಡಬ್ಬಿಗಳು ಸಾಲಾಗಿ ಕೂತಿವೆ, ಬೇಗ ಬೇಕು ಎಂದ. ಮುಬಾಶಿರಾ ಶುಕ್ರವಾರ ಕೊಡುತ್ತೇನೆಂದಳು. ಅವಳು ಊಟಕ್ಕೆ ಮನೆಗೆ ಹೋದಾಗ ಮರ್ದಾನಸಾಬ ಮೋಟರನ್ನು ಅವಳ ಹಲಗೆಯಿಂದ ತನ್ನ ಮುಂದೆ ಎಳೆದುಕೊಂಡ. ಹನ್ನೊಂದು ವರ್ಷದ ಮೇಲೆ ತಾಮ್ರದ ತಂತಿ ಅವನ ಬೆರಳಿನ ನಡುವೆ ನೀರಿನ ಹಾಗೆ ಹರಿಯಿತು. ಅವಳು ಬಂದು ಏನೋ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಮರುದಿನ ಸಂಜೆಗೆ ಮೋಟರು ಸಿದ್ಧವಾಯಿತು, ಕಳಕಪ್ಪ ಕೈ ಮುಗಿದು ಒಯ್ದ.

ಮೂರನೆಯ ದಿನ ಅದು ಸುಟ್ಟಿತು.

ಮುಬಾಶಿರಾಳೇ ಟಂಟಂ ಗಾಡಿ ಮಾಡಿಕೊಂಡು ಇರಕಲ್ಲಗಡಕ್ಕೆ ಹೋಗಿ ಮೋಟರು ಇಳಿಸಿಕೊಂಡು ಬಂದಳು. ಕಳಕಪ್ಪನೂ ಜೊತೆಗೆ ಬಂದ. ಅವನು ಸಿಟ್ಟು ಮಾಡಲಿಲ್ಲ. ಹೊರಡುವಾಗ ಮಾತ್ರ ಮರ್ದಾನಸಾಬನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

“ಸಾಬರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಸಲ ಮಗಳ ಕೈಲೇ ಮಾಡಸ್ರಿ.”

ಮರ್ದಾನಸಾಬ ಆ ಮಧ್ಯಾಹ್ನ ಸುಟ್ಟ ಮೋಟರನ್ನು ಮುಂದಿಟ್ಟುಕೊಂಡು ಒಂದೊಂದೇ ತಂತಿ ಕಿತ್ತ. ಮೂವತ್ತಾರು ಸೀಳುಗಳಿದ್ದವು. ಮೂವತ್ತನಾಲ್ಕರಲ್ಲಿ ಕಾಗದದ ಹಾಸು ಇತ್ತು, ಎರಡರಲ್ಲಿ ಇರಲೇ ಇಲ್ಲ. ಬರಿಯ ಕಬ್ಬಿಣದ ಮೇಲೆ ತಂತಿ ಇಳಿದಿತ್ತು. ಅದೂ ಎಷ್ಟು ಚೆಂದವಾಗಿ, ಎಷ್ಟು ಒಪ್ಪವಾಗಿ ಇಳಿದಿತ್ತು ಎಂದರೆ ಕೈ ನಡುಗಿದ ಗುರುತು ಎಲ್ಲೂ ಇಲ್ಲ. ಕೈಯದು ತಪ್ಪಲ್ಲ ಎಂಬುದು ಅವನಿಗೆ ಸ್ಪಷ್ಟವಾಯಿತು. ಕಾಗದ ಹಾಸದೆ ತಂತಿ ಇಳಿಸುವವನನ್ನು ಅವನು ತನ್ನ ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾದರೆ ಇದನ್ನು ಕಟ್ಟಿದವನು ಯಾರು? ಇಷ್ಟು ಅವಸರದ ಮನುಷ್ಯ ತನ್ನೊಳಗೆ ಎಲ್ಲಿಂದ ಬಂದ? ಅವನು ಸುಟ್ಟ ಮೋಟರು ನೋಡಿ ಸುಟ್ಟ ಕಾರಣ ಹೇಳುವುದರಲ್ಲಿ ಊರಿಗೇ ಹೆಸರಾದವನು. ಈಗ ಬಿಚ್ಚಿ ನೋಡಬೇಕಾದ್ದು ತನ್ನನ್ನೇ ಎಂದು ತೋರಿತು. ಅವಮಾನವೇನೋ ಆಗಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ಕುತೂಹಲವಾಗಿತ್ತು.

ಸಂಜೆ ಮಗಳನ್ನು ಕೇಳಿದ, ಆಪರೇಷನ್ ಆದ ಮೇಲೆ ತನ್ನಲ್ಲಿ ಏನು ಬದಲಾಗಿದೆ ಎಂದು. ಅವಳು ತಂತಿಯ ಉರುಳೆ ಕೆಳಗಿಟ್ಟು ಅವನ ಕಡೆ ತಿರುಗಿದಳು.

“ಅಬ್ಬಾ, ನಿಮ್ಮ ಕೈ ನಡುಗತಿದ್ದಾಗ ನೀವು ಕಾಯ್ತಿದ್ರಿ. ನಾ ತಪ್ಪು ಮಾಡೂದನ್ನೂ ಕಾಯ್ತಿದ್ರಿ, ತಿದ್ದೂದನ್ನೂ ಕಾಯ್ತಿದ್ರಿ. ನಾ ಕಲ್ತದ್ದ ಹಂಗ. ಈಗ ನೀವು ಯಾರಿಗೂ ಕಾಯಂಗಿಲ್ಲ.”

ಮನೆಯಲ್ಲಿ ರಜಿಯಾಳನ್ನೂ ಅದನ್ನೇ ಕೇಳಿದ. ಎರಡು ತಿಂಗಳಲ್ಲಿ ನೀವು ನನ್ನನ್ನು ಒಂದೇ ಒಂದು ಮಾತು ಕೇಳಿಲ್ಲ ಎಂದಳು. ಉಂಡೆಯಾ ಅಂತಲೂ ಕೇಳಿಲ್ಲ. ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಇಷ್ಟು ದಿನ ನೋಡಿದ್ದನ್ನು ಹೇಳುವವಳಂತೆ ಹೇಳಿದಳು.

ಈ ಹುರುಪು ತನ್ನದೋ ತಂತಿಯದೋ ಎಂದು ತಿಳಿಯಲು ಮರ್ದಾನಸಾಬ ಒಂದು ಉಪಾಯ ಹೂಡಿದ. ಯಾವ ದಿನ ಎಷ್ಟು ವೋಲ್ಟು ಎಂಬುದು ತನಗೆ ಗೊತ್ತಾದರೆ ಮನಸ್ಸು ಮೋಸ ಮಾಡುತ್ತದೆ. ಆದ್ದರಿಂದ ರಿಮೋಟನ್ನು ಮಗಳ ಕೈಗೆ ಕೊಟ್ಟ. ಬೆಳಿಗ್ಗೆ ಅವಳು ತನಗೆ ತೋರಿದಷ್ಟಕ್ಕೆ ಇಡಬೇಕು, ಯಾರಿಗೂ ಹೇಳಬಾರದು. ಸಂಜೆ ಮೂವರೂ ಬೇರೆಬೇರೆ ಕೂತು ಆ ದಿನ ಮರ್ದಾನಸಾಬ ಹೇಗಿದ್ದ ಎಂದು ಬರೆಯಬೇಕು. ಹೈದರಾಬಾದಿಗೆ ಫೋನು ಮಾಡಿ ಕೇಳಿದಾಗ, ಬೀಗ ಹಾಕಿದ ಅಳತೆಯೊಳಗೆ ಮಾಡಿದರೆ ಚಿಂತೆಯಿಲ್ಲ, ಮಾತ್ರೆ ಮಾತ್ರ ತಪ್ಪಿಸಬೇಡಿ, ಬರೆದದ್ದನ್ನು ನನಗೂ ತಂದು ತೋರಿಸಿ ಎಂದು ತೌಸೀಫ ಹೇಳಿದ. ರಜಿಯಾ ಇದೆಲ್ಲ ಹುಚ್ಚು ಎಂದಳು. ಆದರೂ ಮೊದಲ ಸಂಜೆಯೇ ಎಲ್ಲರಿಗಿಂತ ಉದ್ದ ಬರೆದವಳು ಅವಳೇ.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಚಾಪೆಯ ಮೇಲೆ ಮೂರೂ ಹಾಳೆಗಳನ್ನು ಹರಡಿ, ಮುಬಾಶಿರಾ ವೋಲ್ಟು ಬರೆದಿಟ್ಟ ಚೀಟಿ ಬಿಚ್ಚಿದಳು.

ತಾನು ಬಹಳ ಛಲೋ ಇದ್ದೆ ಎಂದು ಅವನು ಬರೆದ ದಿನಗಳೆಲ್ಲ ಮೇಲಿನ ವೋಲ್ಟಿನ ದಿನಗಳೇ ಆಗಿದ್ದವು. ಅದೇ ದಿನಗಳಿಗೆ ಮಗಳು, ಮೂರು ಸಲ ನನ್ನ ಕೈಯಿಂದ ತಂತಿ ಕಸಿದುಕೊಂಡರು ಎಂದು ಬರೆದಿದ್ದಳು. ಅರ್ಧ ಮಾತು ತಿಳಿಯಲಿಲ್ಲ ಎಂದು ರಜಿಯಾ ಬರೆದಿದ್ದಳು. ಎರಡು ಪಾಯಿಂಟ್ ಐದು, ಎರಡು ಪಾಯಿಂಟ್ ಆರರ ದಿನಗಳಲ್ಲಿ ಎಡಗೈ ಕಿರುಬೆರಳು ನಡುಗಿತ್ತು, ಸಂಜೆ ಹೆಜ್ಜೆ ಎಳೆದಿತ್ತು. ಆ ದಿನಗಳ ರಜಿಯಾಳ ಸಾಲುಗಳನ್ನು ಅವನು ಎರಡೆರಡು ಸಲ ಓದಿದ. ಒಂದು ದಿನ, ಬದನೆಕಾಯಿಗೆ ಉಪ್ಪು ಕಡಿಮೆ ಎಂದರು ಎಂದಿತ್ತು. ಇನ್ನೊಂದು ದಿನ, ನನ್ನ ಮಂಡಿ ನೋವು ಹೇಗಿದೆ ಎಂದು ಕೇಳಿದರು ಎಂದಿತ್ತು.

ಇಷ್ಟೇ ಆಗಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಆದರೆ ಏಳನೆಯ ದಿನದ್ದು ಹೊಂದಲಿಲ್ಲ. ಅಂದು ಇದ್ದದ್ದು ಎರಡು ಪಾಯಿಂಟ್ ಐದು. ಅಂದೂ ಅವನು ಮಗಳ ಮೇಲೆ ರೇಗಿದ್ದ, ಉರುಳೆಗಳನ್ನು ಹಳೆಯ ಜಾಗಕ್ಕೆ ಸರಿಸಿದ್ದ, ಊಟದ ಹೊತ್ತಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಮರ್ದಾನಸಾಬ ಚೀಟಿಯನ್ನು ತಿರುಗಿಸಿ ನೋಡಿದ. ನೀ ತಪ್ಪಿ ಏರಿಸಿರಬೇಕು ಎಂದ. ಇಲ್ಲ ಎಂದಳು ಮಗಳು. ರಿಮೋಟಿನಲ್ಲೇ ದಾಖಲಾಗಿತ್ತು.

“ಹಂಗಾದ್ರ ಅವತ್ತ ರೇಗಿದ್ದು ನಾನ ಅನ್ನು,” ಎಂದ ಅವನು.

ರಜಿಯಾ ನಕ್ಕಳು. ಕಾಯಿಲೆ ಬರುವ ಮುಂಚೆಯೂ ನೀವು ಹೀಗೆಯೇ ಆಗಾಗ ರೇಗುತ್ತಿದ್ದಿರಿ, ಮರೆತಿದ್ದೀರಿ ಎಂದಳು. ಅವನು ನಿಜವಾಗಿಯೂ ಮರೆತಿದ್ದ. ನಡುಗುವ ಹನ್ನೊಂದು ವರ್ಷಕ್ಕೂ ಹಿಂದೆ ತಾನು ಹೇಗಿದ್ದೆ ಎಂದು ಅಂದು ಅವಳನ್ನು ಕೂರಿಸಿಕೊಂಡು ಕೇಳಿದ. ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಕೆಲವು ಅವನಿಗೆ ಹಿಡಿಸಲಿಲ್ಲ.

ಮುಂದಿನ ತಿಂಗಳು ಹೈದರಾಬಾದಿಗೆ ಹೋದಾಗ ತೌಸೀಫ ಆ ಹಾಳೆಗಳನ್ನು ಡಾಕ್ಟರಿಗೂ ತೋರಿಸಿದ. ಮಿದುಳಿನೊಳಗಿನ ತಂತಿಯ ತುದಿಯಲ್ಲಿ ನಾಲ್ಕು ಬಿಂದುಗಳಿವೆ, ಮಾತಿಗೂ ಮನಸ್ಸಿಗೂ ಕರೆಂಟು ಸೋರದ ಹಾಗೆ ಬೇರೆ ಬಿಂದುವಿನಿಂದ ಕೊಟ್ಟು ನೋಡೋಣ ಎಂದರು. ಎರಡು ಪಾಯಿಂಟ್ ಆರಕ್ಕೆ ನಿಲ್ಲಿಸಿದರು. ಎಡಗೈ ನಡುಕ ಪೂರ್ತಿ ಹೋಗದು, ನಡೆದೀತೇ ಎಂದು ಡಾಕ್ಟರು ಕೇಳಿದರು. ಮರ್ದಾನಸಾಬ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿ, ಅವಳನ್ನು ಕೇಳಿ ಎಂದ. ನಡೆಯುತ್ತದೆ ಎಂದಳು ರಜಿಯಾ.

ಊರಿಗೆ ಬಂದ ಮೇಲೆ ಅವನು ಅಂಗಡಿಯಲ್ಲಿ ತನಗೊಂದು ಕೆಲಸ ಕೊಡು ಎಂದು ಮಗಳನ್ನು ಕೇಳಿದ. ಕೇಳುವುದು ಸುಲಭವಾಗಿರಲಿಲ್ಲ, ಎರಡು ದಿನ ತಡೆದು ಕೇಳಿದ. ಮುಬಾಶಿರಾ ಬಾಗಿಲ ಬಳಿ ಬೆಳಕಿರುವ ಜಾಗದಲ್ಲಿ ಒಂದು ಹಲಗೆ ಹಾಕಿಸಿದಳು. ಬಂದ ಮೋಟರು ಮೊದಲು ಅಲ್ಲಿಗೆ ಬರುತ್ತದೆ. ಅವನು ಅದನ್ನು ಬಿಚ್ಚಿ ಯಾಕೆ ಸುಟ್ಟಿತು ಎಂದು ಹುಡುಕಿ ಹೇಳಬೇಕು. ಕಟ್ಟುವುದು ಅವಳ ಕೆಲಸ. ಕಳಕಪ್ಪನ ಮೋಟರು ಅವಳ ಕೈಯಿಂದ ಮತ್ತೆ ಕಟ್ಟಿಸಿಕೊಂಡು ಇರಕಲ್ಲಗಡದಲ್ಲಿ ಜೋಳ ಬೀಸುತ್ತಿತ್ತು. ರಜಿಯಾ ಕುಷ್ಟಗಿಯಲ್ಲಿರುವ ತಂಗಿಯ ಮನೆಗೆ ಹೋಗಿ ಹದಿನೈದು ದಿನ ಇದ್ದು ಬಂದಳು. ಹನ್ನೊಂದು ವರ್ಷದಲ್ಲಿ ಅವಳು ಒಂದು ದಿನವೂ ಹೊರಗೆ ಉಳಿದವಳಲ್ಲ. ಹೋದ ಮೂರನೆಯ ದಿನ ಫೋನು ಮಾಡಿ, ನನಗೆ ಇಲ್ಲಿ ಬೆಳಗಿನ ಹೊತ್ತು ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದಳು. ನನಗೂ ಇಲ್ಲಿ ಅನ್ನ ತಳ ಹತ್ತದಂತೆ ಬೇಯಿಸುವುದು ತಿಳಿಯುತ್ತಿಲ್ಲ ಎಂದ ಅವನು.

ಕಳೆದ ಮಾಗಿಯಲ್ಲಿ ಯಲಬುರ್ಗಾದಿಂದ ವಿರೂಪಾಕ್ಷಮ್ಮ ಎಂಬ ನಿವೃತ್ತ ಶಿಕ್ಷಕಿ ಅಂಗಡಿಗೆ ಬಂದರು. ಅವರಿಗೂ ಇದೇ ಕಾಯಿಲೆ, ಏಳು ವರ್ಷದಿಂದ. ಇದೇ ಆಪರೇಷನ್ ಮಾಡಿಸಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಮಾಡಿಸಿಕೊಂಡವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಮಗ ಗವಿಸಿದ್ದೇಶನನ್ನು ಕರೆದುಕೊಂಡು ಬಂದಿದ್ದರು. ಮುಬಾಶಿರಾ ಕುರ್ಚಿ ಹಾಕಿ ಚಹಾ ಹೇಳಿ ಕಳಿಸಿದಳು.

ಮರ್ದಾನಸಾಬ ಎಲ್ಲವನ್ನೂ ಹೇಳಿದ. ಕೈ ನಿಂತದ್ದನ್ನು ಹೇಳಿದ, ಸುಟ್ಟ ಮೋಟರನ್ನೂ ಬಿಡದೆ ಹೇಳಿದ. ಅವರು ತಲೆಯಾಡಿಸುತ್ತಾ ಕೇಳಿದರು. ಒಳಗೆ ಸದ್ದು ಬರುತ್ತದೆಯೇ, ಮಳೆಗಾಲದ ಗುಡುಗಿಗೆ ಏನಾದರೂ ಆಗುತ್ತದೆಯೇ ಎಂದೆಲ್ಲ ಕೇಳಿದರು. ಆಮೇಲೆ ಚೀಲದಿಂದ ಒಂದು ನೋಟುಬುಕ್ಕು ತೆಗೆದರು.

“ನಿಮ್ಮ ಅಕ್ಷರ ಹೆಂಗ ಅದಾವ್ರಿ? ಒಂದೀಟು ಬರೆದು ತೋರಸ್ರಲ್ಲ.”

ಅವನಿಗೆ ಗಲಿಬಿಲಿಯಾಯಿತು. ಇದನ್ನು ಯಾರೂ ಕೇಳಿರಲಿಲ್ಲ, ಆ ಒಂಬತ್ತು ದಿನ ಹಾಳೆ ಬರೆಯುವಾಗಲೂ ತಾನು ಅಕ್ಷರ ನೋಡಿಕೊಂಡಿರಲಿಲ್ಲ. ಏನು ಬರೆಯಲಿ ಎಂದ. ನನ್ನ ಹೆಸರೇ ಬರೆಯಿರಿ ಎಂದರು ಅವರು. ಆ ಹಾಳೆಗಳನ್ನು ಬಿಟ್ಟರೆ ಅವನು ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಬರೆದದ್ದು ಕಡಿಮೆ. ವಿರೂಪಾಕ್ಷಮ್ಮ ಎಂದು ನಿಧಾನಕ್ಕೆ ಬರೆದ. ಅವರು ಪಾಟಿ ತಿದ್ದುವ ಟೀಚರಿನ ಕಣ್ಣಲ್ಲಿ ನೋಡಿ, ಕ್ಷ ಒಂದು ಸೊಟ್ಟಗಾಗಿದೆ, ಉಳಿದದ್ದು ಒಂದೇ ಸಮ ಇದೆ ಎಂದರು. ಬಳಿಕ ಪೆನ್ನು ಇಸಿದುಕೊಂಡು, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು, ಅದರ ಕೆಳಗೇ ಅದೇ ಹೆಸರು ಬರೆದರು. ಮೊದಲ ಅಕ್ಷರ ದುಂಡಗೆ ದೊಡ್ಡದಾಗಿ ಬಂತು. ಅಲ್ಲಿಂದ ಒಂದೊಂದು ಅಕ್ಷರವೂ ಸಣ್ಣದಾಗುತ್ತಾ ಹೋಗಿ, ಕೊನೆಯ ಮ್ಮ ಬರುವಾಗ ಎಳ್ಳಿನಷ್ಟಾಗಿತ್ತು. ಮೂವತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಇದು ಎಂದು ಮಗ ಮೆಲ್ಲಗೆ ಹೇಳಿದ.

ಮರ್ದಾನಸಾಬ ನೋಟುಬುಕ್ಕನ್ನು ಬೆಳಕಿಗೆ ತಿರುಗಿಸಿ ಎರಡೂ ಸಾಲುಗಳನ್ನು ನೋಡಿದ. ಪೆನ್ನಿನ ತುದಿಯಿಂದ ಒಂದೊಂದೇ ಅಕ್ಷರವನ್ನು ಮುಟ್ಟುತ್ತಾ ಹೋದ.

“ಸುರುವಾಗೂವಾಗ ಶಕ್ತಿ ಪೂರಾ ಐತಿ, ಹೋಗ್ತಾ ಹೋಗ್ತಾ ಇಳೀತೈತಿ. ನಡುಕೊಮ್ಮೆ ಪೆನ್ನ ಎತ್ತಿ ಮತ್ತ ಸುರು ಮಾಡಿದ್ರ ದೊಡ್ಡದ ಬರತೈತೇನ್ರಿ?”

ವಿರೂಪಾಕ್ಷಮ್ಮ ಅವನನ್ನು ನೋಡಿದರು. ಏಳು ವರ್ಷದಲ್ಲಿ ಅದನ್ನು ಮಾಡಿ ನೋಡಬೇಕೆಂದು ಹೊಳೆದಿರಲಿಲ್ಲ ಎಂದರು. ಚಹಾ ಬಂದಿತ್ತು, ಯಾರೂ ಅದರ ಕಡೆ ನೋಡಲಿಲ್ಲ. ಮುಬಾಶಿರಾಳೂ ಕೈಯೊಳಗಿನ ತಂತಿ ಬಿಟ್ಟು ಎದ್ದು ಬಂದು ಅವರ ಹಿಂದೆ ನಿಂತಳು. ವಿರೂಪಾಕ್ಷಮ್ಮ ಹೊಸ ಹಾಳೆ ತಿರುಗಿಸಿ, ವಿ ಬರೆದು, ಪೆನ್ನು ಎತ್ತಿದರು.